ಮರಿ ಕಾಯುವ ಮೀನಿಗೆ ಗಾಳ ಹಾಕಬಹುದೇ?



ಹಸ್ತ, ಚಿತ್ತೆ ಮಳೆ ಚೆನ್ನಾಗಿ ಬಿದ್ದ ವರ್ಷ ನಮ್ಮ ಮತ್ತಿಗಿರಿ ಸುತ್ತಿನ ಕೆರೆಗಳ ನೀರು ಅಂಚು ದಾಟಿ ಹುಲ್ಲು, ಜೊಂಡಿನ ಮೇಲೆಲ್ಲ ಹರಡಿಕೊಳ್ಳುತ್ತದೆ. ಮೊಣಕಾಲುದ್ದದ ಆ ನೀರಿಗೆ ಕೊರಮೀನು ಬರುತ್ತದೆ. ಅದರ ಹಿಂದೆಯೇ ಗಾಳ ಹಿಡಿದ ನಮ್ಮ ಹುಡುಗರೂ ಬರುತ್ತಾರೆ. ತಮಿಳಿನವರಿಗೆ ಇದು ವಿರಾಲ್, ತೆಲುಗಿನವರಿಗೆ ಕೊರ್ರಮೀನು. ಮೂರು ಭಾಷೆಯವರ ಅಡಿಗೆಮನೆಯಲ್ಲೂ ಇದಕ್ಕೆ ಒಂದೇ ಮರ್ಯಾದೆ: ಮುಳ್ಳು ಕಡಿಮೆ, ರುಚಿ ಹೆಚ್ಚು, ಬೆಲೆಯೂ ಹೆಚ್ಚು. ತೆಲಂಗಾಣದವರಂತೂ ಇದನ್ನು ತಮ್ಮ ರಾಜ್ಯದ ಮೀನೆಂದೇ ಘೋಷಿಸಿದ್ದಾರೆ.

ನಮ್ಮ ಯುವಜನರ ಸಭೆಯಲ್ಲಿ ಒಬ್ಬರು ಕೇಳಿದರು: "ಮರಿ ಕಾಯುತ್ತಿರುವ ಕೊರಮೀನನ್ನು ಹಿಡಿಯುವುದು ಪಾಪವೇ?" ಕೆಲವರು ನಕ್ಕರು. ಆದರೆ ಇದು ನಕ್ಕು ಬಿಡುವ ಪ್ರಶ್ನೆಯಲ್ಲ ಎಂದು ನನಗೆ ತೋರಿತು.

ಮೊದಲು ಆ ಮೀನಿನ ಸಂಸಾರ ಹೇಗೆ ನಡೆಯುತ್ತದೆಂದು ನೋಡೋಣ. ಗಂಡು, ಹೆಣ್ಣು ಜೊಂಡಿನ ನಡುವೆ ಸ್ವಲ್ಪ ಜಾಗ ತೆರವು ಮಾಡಿಕೊಳ್ಳುತ್ತವೆ. ಮೊಟ್ಟೆಯೊಳಗೆ ಎಣ್ಣೆಯ ಹನಿ ಇರುವುದರಿಂದ ಮೊಟ್ಟೆಗಳು ನೀರಿನ ಮೇಲೆ ತೇಲುತ್ತವೆ. ಒಂದೆರಡು ದಿನದಲ್ಲಿ ಮರಿಯಾಗುತ್ತದೆ. ಮರಿಗಳು ಕೆಂಪು-ಕಿತ್ತಳೆ ಬಣ್ಣದ ಮುದ್ದೆಯಂತೆ ಗುಂಪುಗೂಡಿ ಈಜುತ್ತವೆ. ಕೊರಮೀನು ಗಾಳಿಯನ್ನೂ ಉಸಿರಾಡುವ ಜಾತಿ. ಆದ್ದರಿಂದ ಸ್ವಲ್ಪ ಬೆಳೆದ ಮರಿಗಳು ಆಗಾಗ ಮೇಲೆ ಬಂದಾಗ ನೀರು ಗುಳುಗುಳು ಎನ್ನುತ್ತದೆ. ಕೆಳಗೆ ತಂದೆ, ಅನೇಕ ಸಲ ತಾಯಿಯೂ, ವಾರಗಟ್ಟಲೆ ಕಾವಲಿರುತ್ತದೆ. ಹತ್ತಿರ ಬಂದದ್ದರ ಮೇಲೆಲ್ಲ ಎರಗುತ್ತದೆ.

ಗಾಳ ಹಾಕುವವರಿಗೆ ಈ ಗುಟ್ಟು ಗೊತ್ತು. ಗುಳುಗುಳು ಎನ್ನುವ ಕಡೆ ಕಪ್ಪೆಯನ್ನೋ, ಅಂಗಡಿಯಲ್ಲಿ ಸಿಗುವ ರಬ್ಬರ್ ಕಪ್ಪೆಯನ್ನೋ ಎಸೆದರೆ ಸಾಕು. ಕಾವಲಿನ ಮೀನು ಬಂದು ಕಚ್ಚುತ್ತದೆ. ಹಸಿವಿನಿಂದ ಅಲ್ಲ, ಮರಿಗೆ ಅಪಾಯ ಬಂತೆಂದು. ಅದನ್ನು ಎಳೆದುಕೊಂಡ ಮೇಲೆ ಉಳಿದ ಮರಿಗಳು ಬೇರೆ ಮೀನು, ಕೊಕ್ಕರೆಗಳ ಪಾಲು.

ಮೀನು ಹಿಡಿಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಪೇತ್ರ, ಅಂದ್ರೆಯ, ಯಕೋಬ, ಯೊವಾನ್ನ ಮೀನುಗಾರರೇ. ಪುನರುತ್ಥಾನರಾದ ಪ್ರಭು ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆದರು. ಅಂದು ಬಲೆಗೆ ಬಿದ್ದ ದೊಡ್ಡ ಮೀನುಗಳು 153. ಆಹಾರಕ್ಕಾಗಿ ಪ್ರಾಣಿಗಳನ್ನು ಬಳಸುವುದು ನ್ಯಾಯವೆಂದೇ ನಮ್ಮ ಕ್ಯಾಟೆಕಿಸಂ ಹೇಳುತ್ತದೆ. ಅಗತ್ಯವಿಲ್ಲದೆ ಅವುಗಳನ್ನು ನರಳಿಸುವುದು ಮಾನವ ಘನತೆಗೆ ತಕ್ಕದ್ದಲ್ಲವೆಂದೂ ಹೇಳುತ್ತದೆ (2417, 2418). ಹಾಗಾಗಿ ಹಿಡಿಯಬಹುದೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಯಾವಾಗ, ಯಾವುದನ್ನು ಬಳಸಿಕೊಂಡು ಹಿಡಿಯಬಹುದು ಎಂಬುದು ಪ್ರಶ್ನೆ.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ (6-7) ಒಂದು ಚಿಕ್ಕ ಆಜ್ಞೆ ಇದೆ. ದಾರಿಯಲ್ಲಿ ಹಕ್ಕಿಗೂಡು ಕಂಡು, ತಾಯಿ ಮರಿಗಳ ಮೇಲೋ ಮೊಟ್ಟೆಗಳ ಮೇಲೋ ಕೂತಿದ್ದರೆ, ಮರಿಗಳ ಜೊತೆ ತಾಯಿಯನ್ನೂ ಹಿಡಿಯಬಾರದು, ತಾಯಿಯನ್ನು ಬಿಟ್ಟುಬಿಡಬೇಕು. ಹಾಗೆ ಮಾಡಿದವರಿಗೆ ಸಿಗುವುದು ಒಳಿತು ಮತ್ತು ದೀರ್ಘಾಯುಷ್ಯ. ತಂದೆತಾಯಿಯನ್ನು ಗೌರವಿಸು ಎಂಬ ದೊಡ್ಡ ಆಜ್ಞೆಗೆ ಕೊಟ್ಟಿರುವ ವಾಗ್ದಾನವೂ ಇದೇ!

ಹಕ್ಕಿಯ ಲೆಕ್ಕ ಮೀನಿಗೆ ಹಾಗೇ ಹೊಂದುವುದಿಲ್ಲ ನಿಜ. ಅಲ್ಲಿ ಮರಿ ತೆಗೆದುಕೊಂಡರೂ ತಾಯಿ ಮತ್ತೆ ಗೂಡು ಕಟ್ಟೀತು. ಇಲ್ಲಿ ಕಾವಲಿನ ಮೀನೊಂದನ್ನು ತೆಗೆದರೆ ಎರಡನ್ನೂ ತೆಗೆದಂತೆ. ಆದರೆ ಆಜ್ಞೆಯ ಒಳಮನಸ್ಸು ಒಂದೇ. ರೆಕ್ಕೆ ಇರುವ ಹಕ್ಕಿ ಮನುಷ್ಯನ ಕೈಗೆ ಸುಲಭವಾಗಿ ಸಿಗುವುದಿಲ್ಲ. ಮರಿಯನ್ನು ಬಿಟ್ಟು ಹಾರಲಾರದ್ದರಿಂದ ಮಾತ್ರ ಸಿಗುತ್ತದೆ. ಎರೆಹುಳು ಕಟ್ಟಿದ ಗಾಳ ಮೀನಿನ ಹಸಿವನ್ನು ಬಳಸುತ್ತದೆ. ಮರಿಗಳ ಮೇಲೆ ಎಸೆದ ಗಾಳ ಅದರ ಕಾವಲನ್ನೇ ಬಳಸುತ್ತದೆ. ಈ ಎರಡೂ ಒಂದೇ ಅಲ್ಲ.

"ಮೀನಿಗೇನು ಪ್ರೀತಿ? ಅದು ಬರೀ ಹುಟ್ಟುಗುಣ" ಎನ್ನಬಹುದು. ಪ್ರಾಣಿಶಾಸ್ತ್ರ ಓದಿದ ನಾನೂ ಮೀನಿಗೆ ನಮ್ಮಂಥ ಪ್ರೀತಿ ಇದೆ ಎನ್ನಲಾರೆ. ಆದರೆ ಗಾಳ ಎಸೆಯುವವನಿಗೆ ಅದು ಕಾಯುತ್ತಿದೆ ಎಂದು ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಅಲ್ಲಿ ಎಸೆಯುತ್ತಾನೆ. ಮೃಗಗಳ ಕುರಿತ ಇಂಥ ಆಜ್ಞೆಗಳು ಮನುಷ್ಯರ ಮೇಲೂ ಕರುಣೆ ಬೆಳೆಯಲೆಂದು ಕೊಟ್ಟವು ಎಂದು ಸಂತ ತೋಮಸ್ ಅಕ್ವಿನಾಸರು ವಿವರಿಸಿದ್ದಾರೆ. 2015ರ 'ಲೌದಾತೊ ಸಿ' ಪತ್ರದಲ್ಲಿ ಪೋಪ್ ಫ್ರಾನ್ಸಿಸರು ಇನ್ನೂ ಮುಂದೆ ಹೋಗಿ, ನಮಗೆ ಉಪಯೋಗವಿರಲಿ ಇಲ್ಲದಿರಲಿ, ಪ್ರತಿ ಜೀವಿಗೂ ದೇವರೆದುರು ತನ್ನದೇ ಬೆಲೆ ಇದೆ ಎಂದರು.

"ನಾನು ಬಿಟ್ಟರೆ ಇನ್ನೊಬ್ಬ ಹಿಡಿಯುತ್ತಾನೆ" ಎಂಬುದು ಇನ್ನೊಂದು ಮಾತು. ಇರಬಹುದು. ಆದರೆ ಈ ಮಾತನ್ನು ಲಂಚಕ್ಕೂ ಹೇಳಬಹುದು, ಮರಳು ಕದಿಯುವುದಕ್ಕೂ ಹೇಳಬಹುದು. ಎಲ್ಲರೂ ಸೇರಿ ಬಿಡಲು ಸಾಧ್ಯವೆಂಬುದಕ್ಕೆ ಸಾಕ್ಷಿಯೂ ಇದೆ. ತಮಿಳುನಾಡಿನ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಹೊಟ್ಟೆಪಾಡಿಗೆ ಮೀನು ಹಿಡಿಯುವವರೇ ಎರಡು ತಿಂಗಳು ಕಾಯುವಾಗ, ಭಾನುವಾರದ ಖುಷಿಗೆ ಹಿಡಿಯುವ ನಾವು ಕೆಲವು ವಾರ ಕಾಯಲಾರೆವೇ?

"ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಗೆ ಸೇರಿ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಏಳುತ್ತಿರುವಾಗ ಒಂದು ಗಾಳದಿಂದ ಏನಾದೀತು?" ಎಂದೂ ಕೇಳುವವರಿದ್ದಾರೆ. ಆ ನೊರೆ ದೊಡ್ಡ ಪಾಪ, ಅದನ್ನು ಹೇಳಲೇಬೇಕು. ಆದರೆ ಗಾಳ ನಮ್ಮ ಕೈಯಲ್ಲಿದೆ. ಕೈಯಲ್ಲಿರುವುದನ್ನು ತಿದ್ದಿಕೊಂಡವರ ಮಾತಿಗೆ ನೊರೆಯ ವಿಷಯದಲ್ಲೂ ತೂಕ ಬರುತ್ತದೆ.

ಮನೆಯಲ್ಲಿ ಬೇರೇನೂ ಇಲ್ಲದೆ, ಸಿಕ್ಕಿದ ಮೀನಿನಿಂದ ಆ ರಾತ್ರಿ ಮಕ್ಕಳಿಗೆ ಸಾರು ಮಾಡಬೇಕಾದವರ ಮೇಲೆ ಈ ತೀರ್ಪು ಹೇಳಲಾರೆ. ಅವರೂ ಮರಿ ಕಾಯುವವರೇ. ಅಗತ್ಯ ಬೇರೆ, ಆಟ ಬೇರೆ.

ಇಷ್ಟೊಂದು ಒತ್ತಿ ಹೇಳಲು ಕಾರಣ ಮೀನು ಮಾತ್ರವಲ್ಲ. ಮಗುವಿಗೆ ಜ್ವರ ಏರಿದ ರಾತ್ರಿ ಬಾಗಿಲು ತಟ್ಟಿದವರಿಗೆ ಎರಡರಷ್ಟು ಬಡ್ಡಿ ಹೇಳುವವನು, ಮಗನಿಗೆ ಕಂಪನಿಯಲ್ಲಿ ಕೆಲಸ ಕೊಡಿಸುತ್ತೇನೆಂದು ಅಪ್ಪನ ಕೈಯಿಂದ ಹಣ ಕೀಳುವವನು, ಇಬ್ಬರಿಗೂ ಇದೇ ಗುಟ್ಟು ಗೊತ್ತು: ಮಕ್ಕಳ ಹತ್ತಿರ ಗಾಳ ಎಸೆದರೆ ತಂದೆತಾಯಿ ಕಚ್ಚಿಯೇ ಕಚ್ಚುತ್ತಾರೆ. ಕೆರೆಯಲ್ಲಿ ಇದನ್ನು ಜಾಣತನವೆಂದು ಕಲಿತ ಮನಸ್ಸಿಗೆ ಪೇಟೆಯಲ್ಲಿ ಇದು ಅನ್ಯಾಯವೆಂದು ಕಾಣುವುದು ಕಷ್ಟ. ಪ್ರಭು ಯೇಸು ಜೆರುಸಲೇಮಿನ ಮೇಲೆ ಮರುಗುವಾಗ ತಮ್ಮನ್ನು ಹೋಲಿಸಿಕೊಂಡದ್ದು ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಕೋಳಿಗೆ. ನಮಗಾಗಿ ನಿಂತಲ್ಲೇ ನಿಂತು ಸಿಕ್ಕಿಬಿದ್ದವರು ಅವರು.

ಆದ್ದರಿಂದ ನಮ್ಮ ಯುವಜನರಿಗೆ ನನ್ನ ಬಿನ್ನಹ ಇಷ್ಟೇ. ಕೆರೆಗೆ ಹೋಗಿ, ಗಾಳ ಹಾಕಿ, ಸಿಕ್ಕಿದ್ದನ್ನು ಹಂಚಿಕೊಂಡು ತಿನ್ನಿ. ಕೆಂಪು ಮರಿಗಳ ಗುಂಪು ಕಂಡ ಕಡೆ ಮಾತ್ರ ಗಾಳ ಸುತ್ತಿಕೊಂಡು ಇನ್ನೊಂದು ದಡಕ್ಕೆ ನಡೆಯಿರಿ. ಜೊತೆಗಿರುವ ಚಿಕ್ಕ ಹುಡುಗರಿಗೆ ಕಾರಣವನ್ನೂ ಹೇಳಿ.