ಕೊಟ್ಟ ಮಾತಿನಿಂದ ಬಿಡಿಸುವವರು ಯಾರು?

ಒಂದು ಸಂಸತ್ತು ಮಾಡಿದ ಕಾನೂನನ್ನು ಅದರ ಮುಂದಿನ ಸಂಸತ್ತು ರದ್ದುಪಡಿಸಿದರೆ ಅದನ್ನು ಯಾರೂ ವಚನಭಂಗವೆಂದು ಕರೆಯುವುದಿಲ್ಲ. ಆದರೆ ದೇಶದ ಮತದಾರರೆಲ್ಲರ ಮುಂದೆ ಒಂದೇ ಪ್ರಶ್ನೆಯನ್ನಿಟ್ಟು ನೇರವಾಗಿ ಉತ್ತರ ಪಡೆಯುವ ಜನಮತಗಣನೆಯ ಫಲಿತಾಂಶವನ್ನು ಸರ್ಕಾರ ಕೈಬಿಡಲು ಹೊರಟಾಗ, ಆ ಫಲಿತಾಂಶವನ್ನು ಒಪ್ಪದವರಲ್ಲಿಯೂ ಕೆಲವರಿಗೆ ಏನೋ ಅನ್ಯಾಯ ನಡೆಯುತ್ತಿದೆ ಎನಿಸುತ್ತದೆ. ಈ ಅನಿಸಿಕೆಗೆ ಆಧಾರವೇನು ಎಂಬುದು ರಾಜಕೀಯದ ಪ್ರಶ್ನೆಯಾಗುವುದಕ್ಕೆ ಮೊದಲೇ ಧರ್ಮದ ಪ್ರಶ್ನೆ. 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ನಡೆದ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದವರು ಶೇ 51.9ರಷ್ಟು, ಉಳಿಯಬೇಕೆಂದವರು ಶೇ 48.1ರಷ್ಟು, ಅಂತರ ಸುಮಾರು 12.7 ಲಕ್ಷ ಮತಗಳದು. ಅಲ್ಲಿಂದ 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬರುವವರೆಗಿನ ಮೂರೂವರೆ ವರ್ಷ ಆ ದೇಶವನ್ನು ಕಾಡಿದ ವಾಗ್ವಾದದಲ್ಲಿ ವ್ಯಾಪಾರ, ವಲಸೆ, ಗಡಿ ಎಲ್ಲವೂ ಇದ್ದವಾದರೂ, ಅದರ ತಳದಲ್ಲಿದ್ದದ್ದು ಸರ್ಕಾರವೊಂದು ಈ ಫಲಿತಾಂಶವನ್ನು ಹಿಂದಕ್ಕೆ ತಿರುಗಿಸಬಹುದೇ ಎಂಬ ಸಂದೇಹವೇ.

ಕಾನೂನಿನ ಮಟ್ಟದಲ್ಲಿ ಉತ್ತರ ಕಷ್ಟದ್ದಲ್ಲ. ಮತಗಣನೆಗೆ ದಾರಿಮಾಡಿದ 2015ರ ಕಾಯ್ದೆ ಫಲಿತಾಂಶವನ್ನು ಜಾರಿಗೆ ತರಲೇಬೇಕೆಂದು ಎಲ್ಲಿಯೂ ಹೇಳಿರಲಿಲ್ಲ. 2011ರಲ್ಲಿ ಚುನಾವಣಾ ಪದ್ಧತಿಯ ಬದಲಾವಣೆ ಕುರಿತು ನಡೆದ ಮತಗಣನೆಯ ಕಾಯ್ದೆಯಾದರೋ, ಜನರು ಹೌದೆಂದರೆ ಸಚಿವರು ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಟ್ಟಿತ್ತು. 2017ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಎಂಟು ನ್ಯಾಯಮೂರ್ತಿಗಳ ಬಹುಮತದಿಂದ, ಸಂಸತ್ತು ಕಾನೂನು ಮಾಡದೆ ಸರ್ಕಾರ ತಾನಾಗಿ ಒಕ್ಕೂಟವನ್ನು ಬಿಡುವ ನೋಟಿಸು ಕೊಡುವಂತಿಲ್ಲವೆಂದು ತೀರ್ಪಿತ್ತಿತು. 2018ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ, ಹೀಗೆ ಕೊಟ್ಟ ನೋಟಿಸನ್ನು ಹೊರಬೀಳುವ ಗಳಿಗೆಯವರೆಗೂ ಬ್ರಿಟನ್ ಒಬ್ಬಂಟಿಯಾಗಿಯೇ ಹಿಂತೆಗೆದುಕೊಳ್ಳಬಹುದೆಂದು ಹೇಳಿತು. ಹೀಗಾಗಿ ಬಾಗಿಲು ತೆರೆದೇ ಇತ್ತು. ಆದರೂ ಅದರ ಮೂಲಕ ಹೋಗಲು ಸರ್ಕಾರಕ್ಕೆ ಧೈರ್ಯ ಬರಲಿಲ್ಲವೆಂದರೆ, ಅದನ್ನು ತಡೆದದ್ದು ಕಾನೂನಲ್ಲ. ಮತಗಣನೆಗೆ ಎರಡು ತಿಂಗಳ ಮೊದಲು ಸರ್ಕಾರ ಸುಮಾರು 93 ಲಕ್ಷ ಪೌಂಡು ಖರ್ಚುಮಾಡಿ ಮನೆಮನೆಗೂ ಒಂದು ಕಿರುಹೊತ್ತಗೆಯನ್ನು ಕಳುಹಿಸಿತ್ತು. ಒಕ್ಕೂಟದಲ್ಲಿ ಉಳಿಯುವುದೇ ಲೇಸೆಂದು ವಾದಿಸಿದ ಆ ಹೊತ್ತಗೆಯಲ್ಲಿಯೇ, ತೀರ್ಮಾನ ನಿಮ್ಮದು, ನೀವು ತೀರ್ಮಾನಿಸಿದ್ದನ್ನು ಸರ್ಕಾರ ನಡೆಸಿಕೊಡುತ್ತದೆ ಎಂಬ ಅರ್ಥದ ಮಾತೂ ಇತ್ತು. ಕಾಯ್ದೆಯಲ್ಲಿ ಇಲ್ಲದ ಕಟ್ಟು ಅಂಚೆಯಲ್ಲಿ ಬಂದ ಈ ಕಾಗದದಲ್ಲಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಫಲಿತಾಂಶದ ಬಲ ಸರ್ಕಾರದ ಮಾತಿನಿಂದ ಬಂದದ್ದಲ್ಲ, ಜನರೇ ಸಾರ್ವಭೌಮರಾದ್ದರಿಂದ, ಎಂದರೆ ತಮಗಿಂತ ಮೇಲಿನ ಅಧಿಕಾರವಿಲ್ಲದವರಾದ್ದರಿಂದ, ಅವರ ಅಪ್ಪಣೆಗೆ ತನ್ನದೇ ಆದ ಬಲವಿದೆ ಎಂದು ಹಲವರು ವಾದಿಸಿದರು. ಈ ವಾದದ ಹಿಂದೆ ಹದಿನೆಂಟನೆಯ ಶತಮಾನದ ರೂಸೋ ಇದ್ದಾನೆ. ಅವನ ಪ್ರಕಾರ ಸಮುದಾಯದ ಇಚ್ಛೆಯನ್ನು ಪ್ರತಿನಿಧಿಗಳ ಕೈಗೆ ಒಪ್ಪಿಸಲಾಗದು. ಆದರೆ ಅದೇ ರೂಸೋ ಎಲ್ಲರ ಬಿಡಿ ಬಿಡಿ ಇಚ್ಛೆಗಳ ಮೊತ್ತವನ್ನೂ, ಸಮುದಾಯದ ಒಳಿತನ್ನು ನೋಡುವ ಸಾಮಾನ್ಯ ಇಚ್ಛೆಯನ್ನೂ ಬೇರೆ ಬೇರೆಯೆಂದು ತಿಳಿದಿದ್ದನೆಂಬುದನ್ನು ಅವನ ಹೆಸರು ಹೇಳುವವರು ಮರೆಯುವುದೇ ಹೆಚ್ಚು. ಎದುರು ಬದಿಯಲ್ಲಿ ಎಡ್ಮಂಡ್ ಬರ್ಕ್ ಇದ್ದಾನೆ. ಪ್ರತಿನಿಧಿಯಾದವನು ತನ್ನ ವಿವೇಕವನ್ನು ಮತದಾರರ ಅಭಿಪ್ರಾಯಕ್ಕೆ ಬಲಿಕೊಡಬಾರದೆಂದು 1774ರಲ್ಲಿ ಬ್ರಿಸ್ಟಲ್ ನಗರದ ಮತದಾರರಿಗೆ ಮುಖಾಮುಖಿಯಾಗಿಯೇ ಹೇಳಿದವನು ಅವನು. (ಆರು ವರ್ಷಗಳ ಬಳಿಕ ಅದೇ ಮತದಾರರ ಒಲವು ಕಳೆದುಕೊಂಡು ಅವನು ಕಣದಿಂದ ಹಿಂದೆ ಸರಿಯಬೇಕಾಯಿತೆಂಬುದು ಬೇರೆ ಮಾತು.) ಬರ್ಕನ ತತ್ತ್ವ ಸಂಸತ್ತಿಗೆ ಸರಿಯಾಗಿ ಹೊಂದುತ್ತದೆ; ತಾನಾಗಿಯೇ ಜನರನ್ನು ಕೇಳಿ, ತಾನಾಗಿಯೇ ಅವರ ಉತ್ತರಕ್ಕೆ ಬಾಗುತ್ತೇನೆಂದ ಸರ್ಕಾರ ಅವನ ಹಿಂದೆ ಅಡಗಿಕೊಳ್ಳಲಾಗದು.

ಸಾರ್ವಭೌಮತ್ವದ ವಾದದ ತೊಡಕು ಬೇರೆಡೆ ಇದೆ. ಸಾರ್ವಭೌಮರಾದ ಆ ಜನ ಯಾರು? ದಾಖಲಾದ ಮತದಾರರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬಿಡಬೇಕೆಂದವರು ನೂರಕ್ಕೆ ಮೂವತ್ತೇಳು ಮಂದಿ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಮತದಾನದ ಹಕ್ಕಿರುವುದರಿಂದ, ಬೆಂಗಳೂರಿನಿಂದ ಹೋಗಿ ಲಂಡನ್ನಿನಲ್ಲಿ ಕಾಯಂ ವಾಸದ ಪರವಾನಗಿ ಪಡೆದ ಭಾರತೀಯ ಪ್ರಜೆ ಆ ದಿನ ಮತ ಹಾಕಬಹುದಿತ್ತು. ಮೂವತ್ತು ವರ್ಷ ಅದೇ ಬೀದಿಯಲ್ಲಿ ಬದುಕಿ ತೆರಿಗೆ ಕಟ್ಟಿದ ಜರ್ಮನ್ ಪ್ರಜೆ, ಫಲಿತಾಂಶ ತನ್ನ ಬದುಕನ್ನೇ ಮುಟ್ಟುವಂತಿದ್ದರೂ, ಹಾಕುವಂತಿರಲಿಲ್ಲ. ಸ್ಕಾಟ್ಲೆಂಡಿನ ಶೇ 62ರಷ್ಟು ಮತದಾರರು ಉಳಿಯಬೇಕೆಂದಿದ್ದರು. ಈ ಗೆರೆಗಳನ್ನೆಲ್ಲ ಸರಿಯೆಂದೇ ಒಪ್ಪಿದರೂ ಇನ್ನೊಂದು ಮಾತು ಉಳಿಯುತ್ತದೆ: ಇಂದು ಸಾರ್ವಭೌಮರಾಗಿರುವವರು ನಾಳೆಯೂ ಸಾರ್ವಭೌಮರೇ. 1975ರ ಜೂನಿನಲ್ಲಿ ಇದೇ ಬ್ರಿಟನ್ನಿನ ಜನ ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಸಮುದಾಯದಲ್ಲಿ ಉಳಿಯಬೇಕೆಂದು ಶೇ 67ರಷ್ಟು ಮತ ನೀಡಿದ್ದರು. 2016ರ ತೀರ್ಪು ಆ ತೀರ್ಪಿನ ತಿರುವುಮುರುವು. ಜನರ ಅಪ್ಪಣೆಯೆಂಬ ಕಾರಣಕ್ಕೇ ಫಲಿತಾಂಶ ಅಲುಗಾಡದ್ದೆಂದು ಹೇಳುವುದಾದರೆ ಮೊದಲು ಬೀಳುವುದು 2016ರ ಫಲಿತಾಂಶವೇ.

ಹಾಗಾದರೆ ಉಳಿಯುವುದು ಕೊಟ್ಟ ಮಾತು. ಮಾತಿನ ಧರ್ಮದಲ್ಲಿ ಒಂದು ಸರಳ ನಿಯಮವಿದೆ: ಮಾತಿನ ಕಟ್ಟನ್ನು ಬಿಚ್ಚುವ ಅಧಿಕಾರ ಅದನ್ನು ಪಡೆದವರದೇ ಹೊರತು ಕೊಟ್ಟವರದಲ್ಲ. ಸಾಲಗಾರ ತನ್ನ ಸಾಲವನ್ನು ತಾನೇ ಮನ್ನಾ ಮಾಡಿಕೊಳ್ಳಲಾರ. ಆದ್ದರಿಂದ ಪರಿಸ್ಥಿತಿ ಬದಲಾಯಿತು, ಪರಿಣಾಮ ಕೆಟ್ಟದ್ದೆಂದು ಈಗ ತಿಳಿಯಿತು ಎಂಬ ಕಾರಣಗಳು ಎಷ್ಟೇ ಗಟ್ಟಿಯಾಗಿದ್ದರೂ, ಅವು ಸರ್ಕಾರಕ್ಕೆ ಮಾತಿನಿಂದ ಬಿಡುಗಡೆ ಕೊಡುವುದಿಲ್ಲ; ಬಿಡುಗಡೆಯನ್ನು ಬೇಡುವ ಹಕ್ಕನ್ನಷ್ಟೇ ಕೊಡುತ್ತವೆ.

ಆದರೆ ಬ್ರಿಟನ್ನಿನಲ್ಲಿ ಕೊಟ್ಟ ಮಾತು ಒಂದು ವಿಚಿತ್ರ ಬಗೆಯದು. ದಶರಥ ಕೈಕೇಯಿಗೆ ಎರಡು ವರಗಳನ್ನು ಕೊಟ್ಟಾಗ ಅವುಗಳಲ್ಲಿ ಏನಿದೆಯೆಂಬುದು ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಖಾಲಿ ಬಿಟ್ಟ ಜಾಗವನ್ನು ತುಂಬಿದ್ದು ಬಹಳ ಕಾಲದ ಮೇಲೆ, ಮಂಥರೆಯ ಮಾತು ಕೇಳಿ. ಉಳಿಯುವುದೋ ಬಿಡುವುದೋ ಎಂಬ ಪ್ರಶ್ನೆಯಲ್ಲಿ ಬಿಡುವುದೆಂಬುದು ಇಂಥದೇ ಖಾಲಿ ಜಾಗ. ಒಕ್ಕೂಟವನ್ನು ಬಿಟ್ಟರೂ ಅದರ ಏಕಮಾರುಕಟ್ಟೆಯಲ್ಲಿ ನಾರ್ವೆಯಂತೆ ಉಳಿಯಬಹುದಿತ್ತು, ಹೊರಗಿನ ಸರಕಿಗೆಲ್ಲ ಒಂದೇ ಸುಂಕ ವಿಧಿಸುವ ಸುಂಕ ಒಕ್ಕೂಟದಲ್ಲಿ ಮಾತ್ರ ಉಳಿಯಬಹುದಿತ್ತು, ಎಲ್ಲವನ್ನೂ ಕಡಿದುಕೊಂಡೂ ಹೋಗಬಹುದಿತ್ತು. ಪ್ರಧಾನಿ ತೆರೇಸಾ ಮೇ ಸರ್ಕಾರ ತಂದ ಒಪ್ಪಂದವನ್ನು 2019ರ ಜನವರಿ 15ರಂದು ಹೌಸ್ ಆಫ್ ಕಾಮನ್ಸ್ 230 ಮತಗಳ ಅಂತರದಿಂದ ತಿರಸ್ಕರಿಸಿತು, ಮಾರ್ಚಿನಲ್ಲಿ ಮತ್ತೆರಡು ಸಲ ತಿರಸ್ಕರಿಸಿತು. ಮಾರ್ಚ್ 27ರಂದು ಸದಸ್ಯರ ಮುಂದೆ ಎಂಟು ದಾರಿಗಳನ್ನಿಟ್ಟಾಗ ಎಂಟಕ್ಕೂ ಬಹುಮತ ಸಿಗಲಿಲ್ಲ. ಏಪ್ರಿಲ್ 1ರಂದು ಸುಂಕ ಒಕ್ಕೂಟದಲ್ಲಿ ಉಳಿಯುವ ಸಲಹೆ 273ಕ್ಕೆ 276 ಮತಗಳಿಂದ, ಅಂದರೆ ಮೂರೇ ಮತಗಳಿಂದ ಬಿದ್ದುಹೋಯಿತು. ಮಾತು ಕೊಡಲಾಗಿತ್ತು, ಅದನ್ನು ನಡೆಸಿಕೊಡುವುದೆಂದರೆ ಏನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇಂಥ ಇಕ್ಕಟ್ಟಿಗೆ ಮಹಾಭಾರತದ ಕರ್ಣಪರ್ವದಲ್ಲಿ ಒಂದು ಹತ್ತಿರದ ಪ್ರಸಂಗವಿದೆ. ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡೆಂದು ಹೇಳಿದವನನ್ನು ಕೊಲ್ಲುವುದಾಗಿ ಅರ್ಜುನ ವ್ರತ ತೊಟ್ಟಿದ್ದ. ಕರ್ಣನ ಬಾಣಗಳಿಂದ ನೊಂದು ಶಿಬಿರದಲ್ಲಿದ್ದ ಧರ್ಮರಾಯ, ಕರ್ಣ ಇನ್ನೂ ಬದುಕಿದ್ದಾನೆಂದು ತಿಳಿದು ಸಿಟ್ಟಿನಲ್ಲಿ ಆ ಮಾತನ್ನೇ ಆಡಿದ. ಅರ್ಜುನ ಕತ್ತಿ ಹಿರಿದಾಗ ಕೃಷ್ಣ ವ್ರತವನ್ನು ಮುರಿ ಎನ್ನಲಿಲ್ಲ, ನಡೆಸು ಎಂದೂ ಹೇಳಲಿಲ್ಲ. ಹಿರಿಯರನ್ನು ಏಕವಚನದಲ್ಲಿ ಕರೆದರೆ ಅದು ಕೊಂದದ್ದಕ್ಕೆ ಸಮ, ಅಷ್ಟು ಮಾಡು ಎಂದ. ಮಾತಿನ ಉದ್ದೇಶಕ್ಕೂ ಅದರ ಅಕ್ಷರಕ್ಕೂ ನಡುವಿನ ಜಾಗದಲ್ಲಿ ಧರ್ಮವನ್ನು ಹುಡುಕುವ ಕ್ರಮ ಇದು. ಇದನ್ನು ಜಾಣ ನುಣುಚಿಕೊಳ್ಳುವಿಕೆ ಎನ್ನುವವರೂ ಇದ್ದಾರೆ, ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಆಡಳಿತ ನಡೆಸುವವರ ಕೈಗೆ ಕೃಷ್ಣನ ಉಪಾಯ ಸಿಕ್ಕರೆ ಅವರಿಗೆ ಅನುಕೂಲವಲ್ಲದ ಪ್ರತಿಯೊಂದು ಮಾತೂ ಅಕ್ಷರದಲ್ಲಷ್ಟೇ ಉಳಿದೀತು.

ಈ ಉಪಾಯ ಯಾವಾಗ ನ್ಯಾಯ, ಯಾವಾಗ ವಂಚನೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಒಂದು ಪ್ರಕರಣ ಬಿಡಿಸಿ ತೋರಿಸುತ್ತದೆ. 2014ರ ಫೆಬ್ರುವರಿ 9ರಂದು ಅಲ್ಲಿನ ಮತದಾರರು ವಲಸೆಗೆ ವರ್ಷಕ್ಕಿಷ್ಟೇ ಎಂಬ ಮಿತಿ ಹಾಕಬೇಕೆಂಬ ಪ್ರಸ್ತಾವವನ್ನು ಶೇ 50.3ರಷ್ಟು ಮತಗಳಿಂದ, 20,000ಕ್ಕೂ ಕಡಿಮೆ ಮತಗಳ ಅಂತರದಿಂದ, ಒಪ್ಪಿ ಸಂವಿಧಾನದಲ್ಲಿಯೇ ಸೇರಿಸಿದರು. ಅದನ್ನು ಅಕ್ಷರಶಃ ನಡೆಸಿದರೆ ಐರೋಪ್ಯ ಒಕ್ಕೂಟದೊಡನೆ ಇದ್ದ ಮುಕ್ತ ಸಂಚಾರದ ಒಪ್ಪಂದ ಮುರಿಯುತ್ತಿತ್ತು. 2016ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಮಿತಿಯನ್ನೇನೂ ಹಾಕದೆ, ನಿರುದ್ಯೋಗ ಹೆಚ್ಚಿರುವ ಕಸುಬುಗಳಲ್ಲಿ ಕೆಲಸ ಖಾಲಿಯಾದರೆ ಮಾಲೀಕರು ಮೊದಲು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು, ದೇಶದೊಳಗೆ ಕೆಲಸ ಹುಡುಕುವವರಿಗೆ ಆ ಸುದ್ದಿ ಕೆಲವು ದಿನ ಮೊದಲೇ ಸಿಗಬೇಕು ಎಂಬ ಸಪ್ಪೆ ಕಾನೂನೊಂದನ್ನು ಮಾಡಿತು. ಪ್ರಸ್ತಾವ ತಂದಿದ್ದ ಪಕ್ಷ ಇದನ್ನು ದ್ರೋಹವೆಂದು ಕರೆಯಿತು. ಕರೆದು ಸುಮ್ಮನಾಗದೆ, ಮುಕ್ತ ಸಂಚಾರವನ್ನೇ ಕೊನೆಗಾಣಿಸಬೇಕೆಂಬ ಹೊಸ ಪ್ರಸ್ತಾವಕ್ಕೆ ಸಹಿ ಸಂಗ್ರಹಿಸಿ ಮತ್ತೆ ಜನರ ಮುಂದೆ ಹೋಯಿತು. 2020ರ ಸೆಪ್ಟೆಂಬರ್ 27ರಂದು ಶೇ 61.7ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. ಮಾತನ್ನು ಸಂಸತ್ತು ಸಡಿಲಿಸಿತ್ತು, ಆದರೆ ಸಡಿಲಿಸಿದ್ದು ಸರಿಯೇ ಎಂದು ಕೇಳುವ ದಾರಿ ಮಾತು ಪಡೆದವರ ಕೈಯಲ್ಲಿತ್ತು, ಅವರು ಕೇಳಿದರು, ಉತ್ತರವೂ ಬಂತು. ಬ್ರಿಟನ್ನಿನಲ್ಲಿ ಮೂರು ಮತಗಳಿಂದ ಬಿದ್ದ ಸುಂಕ ಒಕ್ಕೂಟದ ಸಲಹೆಯೂ ಇಂಥದೊಂದು ನಡುದಾರಿಯೇ ಆಗಿತ್ತು. ಪೂರ್ತಿ ಬಿಡಬೇಕೆಂದವರಷ್ಟೇ ಅಲ್ಲ, ಪೂರ್ತಿ ಉಳಿಯಬೇಕೆಂದವರಲ್ಲಿಯೂ ಹಲವರು ಅದಕ್ಕೆ ಕೈಜೋಡಿಸಲಿಲ್ಲವೆಂಬುದನ್ನು ಆಮೇಲಿನ ಗೋಳಾಟದಲ್ಲಿ ಅವರು ನೆನೆಸಿಕೊಂಡದ್ದು ಕಡಿಮೆ.

ಮತ್ತೆ ಕೇಳುವುದೂ ಸದಾ ನಿರ್ದೋಷವಲ್ಲ. ಡೆನ್ಮಾರ್ಕ್ 1992ರಲ್ಲಿ ಐರೋಪ್ಯ ಒಕ್ಕೂಟದ ಮಾಸ್ಟ್ರಿಚ್ ಒಪ್ಪಂದವನ್ನು ಶೇ 50.7ರಷ್ಟು ಮತಗಳಿಂದ ತಿರಸ್ಕರಿಸಿ, ಸಾಮಾನ್ಯ ನಾಣ್ಯ, ರಕ್ಷಣೆ ಮೊದಲಾದ ನಾಲ್ಕು ವಿಷಯಗಳಲ್ಲಿ ವಿನಾಯಿತಿ ಪಡೆದು ಮರುವರ್ಷ ಒಪ್ಪಿತು. ಐರ್ಲೆಂಡ್ 2008ರಲ್ಲಿ ಅದೇ ಒಕ್ಕೂಟದ ಲಿಸ್ಬನ್ ಒಪ್ಪಂದಕ್ಕೆ ಬೇಡವೆಂದು, ತೆರಿಗೆ, ಸೇನಾ ತಾಟಸ್ಥ್ಯ, ಗರ್ಭಪಾತದ ವಿಚಾರಗಳಲ್ಲಿ ಭರವಸೆ ದೊರೆತ ಬಳಿಕ 2009ರಲ್ಲಿ ಶೇ 67ರಷ್ಟು ಮತಗಳಿಂದ ಹೌದೆಂದಿತು. ಎರಡೂ ಕಡೆ ಎರಡನೆಯ ಪ್ರಶ್ನೆ ಮೊದಲಿನದರಂತೆಯೇ ಇರಲಿಲ್ಲವೆಂಬುದು ಸಮರ್ಥಕರ ವಾದ. ಆದರೆ ಹೌದೆಂಬ ಉತ್ತರ ಬಂದಾಗ ಯಾರೂ ಮೂರನೆಯ ಸಲ ಕೇಳಲಿಲ್ಲ. ಇಲ್ಲೊಂದು ಒರೆಗಲ್ಲು ಸಿಗುತ್ತದೆ: ಅಷ್ಟೇ ಅಂತರದಲ್ಲಿ ಫಲಿತಾಂಶ ಎದುರು ದಿಕ್ಕಿನಲ್ಲಿ ಬಂದಿದ್ದರೂ ಮರುಮತಗಣನೆ ಬೇಕೆನ್ನುತ್ತಿದ್ದರೇ? ಬ್ರಿಟನ್ನಿನಲ್ಲಿ ಈ ಕಲ್ಲಿಗೆ ಉಜ್ಜಿದರೆ ಎರಡೂ ಪಕ್ಷಗಳ ಬಣ್ಣ ಬಯಲಾಗುತ್ತದೆ. 52ಕ್ಕೆ 48ರಂತೆ ಉಳಿಯುವವರು ಗೆದ್ದರೆ ವಿಷಯ ಮುಗಿಯುವುದಿಲ್ಲವೆಂದು ಮತದಾನಕ್ಕೆ ಮೊದಲು ಹೇಳಿದ್ದು ಬಿಡಬೇಕೆಂಬ ಪಕ್ಷದ ಮುಂದಾಳು ನೈಜೆಲ್ ಫರಾಜ್. ಗೆಲ್ಲುವವರು ಶೇ 60 ದಾಟದಿದ್ದರೆ, ಮತದಾನ ಶೇ 75 ಮುಟ್ಟದಿದ್ದರೆ ಮತ್ತೆ ಕೇಳಬೇಕೆಂಬ ಮನವಿಯನ್ನು ಮತದಾನಕ್ಕೆ ಮುನ್ನ ಆರಂಭಿಸಿದ್ದೂ ಬಿಡಬೇಕೆನ್ನುವವರೊಬ್ಬರೇ. ಫಲಿತಾಂಶ ಬಂದ ಮೇಲೆ ಅದಕ್ಕೆ ಲಕ್ಷಗಟ್ಟಲೆ ಸಹಿ ಹಾಕಿದವರು ಸೋತ ಪಕ್ಷದವರು.

ಜನರ ಉತ್ತರವನ್ನು ಸರ್ಕಾರ ನೇರವಾಗಿಯೇ ಮೀರಿ, ಅದರಿಂದ ಯಾವ ಗಾಯವೂ ಉಳಿಯದ ಒಂದು ನಿದರ್ಶನವೂ ಇದೆ. ಸ್ವೀಡನ್ನಿನಲ್ಲಿ 1955ರಲ್ಲಿ, ವಾಹನಗಳು ರಸ್ತೆಯ ಎಡಬದಿಯಿಂದ ಬಲಬದಿಗೆ ಹೋಗಬೇಕೇ ಎಂದು ಕೇಳಿದಾಗ ಶೇ 83ರಷ್ಟು ಮಂದಿ ಬೇಡವೆಂದರು. ಎಂಟು ವರ್ಷಗಳ ನಂತರ ಸಂಸತ್ತು ಬೇಕೆಂದು ತೀರ್ಮಾನಿಸಿತು. 1967ರ ಸೆಪ್ಟೆಂಬರ್ 3ರ ಭಾನುವಾರ ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷವಿರುವಾಗ ರಸ್ತೆಯ ಮೇಲಿದ್ದ ವಾಹನಗಳೆಲ್ಲ ನಿಂತವು, ಮೆಲ್ಲಗೆ ಎದುರು ಬದಿಗೆ ಸರಿದವು, ಐದು ಗಂಟೆಗೆ ಮತ್ತೆ ಹೊರಟವು. ಬಸ್ಸುಗಳ ಬಾಗಿಲನ್ನು ಇನ್ನೊಂದು ಮಗ್ಗುಲಿಗೆ ಹಾಕಿಸಬೇಕಾಯಿತು. ದಿನಾಂಕ ಮರೆಯದಿರಲೆಂದು ಹಾಲಿನ ಪೊಟ್ಟಣಗಳ ಮೇಲೂ ಗುರುತು ಮುದ್ರಿಸಿದರು. ಇದನ್ನು ಪ್ರಜಾದ್ರೋಹವೆಂದು ಇಂದು ಯಾರೂ ನೆನೆಯುವುದಿಲ್ಲ. ನಡುವೆ ಚುನಾವಣೆಗಳು ಕಳೆದಿದ್ದವು, ನೆರೆಯ ನಾರ್ವೆ, ಫಿನ್ಲೆಂಡುಗಳಲ್ಲಿ ಬಲಬದಿಯ ಸಂಚಾರವಿತ್ತು, ಸ್ವೀಡನ್ನಿನ ಕಾರುಗಳಲ್ಲಿಯೂ ಸ್ಟಿಯರಿಂಗ್ ಮೊದಲಿನಿಂದಲೇ ಎಡಗಡೆ ಇರುತ್ತಿತ್ತು ಎಂಬ ಕಾರಣಗಳೆಲ್ಲ ನಿಜವೇ. ಇವುಗಳಿಗಿಂತ ಮುಖ್ಯವಾದದ್ದು, ಎಡಬದಿಯಲ್ಲಿ ಹೋಗುವವರು ಒಂದು ಕುಲವಾಗಿ, ಬಲಬದಿಯವರು ಇನ್ನೊಂದು ಕುಲವಾಗಿ ಒಡೆದಿರಲಿಲ್ಲವೆಂಬುದು. ಅಲ್ಲಿ ಮತವೆಂದರೆ ಅಭಿಪ್ರಾಯ ಮಾತ್ರ. ಬ್ರಿಟನ್ನಿನಲ್ಲಿ ಬಿಡುವವರು, ಉಳಿಯುವವರು ಎಂಬ ಹೆಸರುಗಳು ಮತದಾನ ಮುಗಿದ ಮೇಲೆ ಇನ್ನಷ್ಟು ಗಟ್ಟಿಯಾದವು. ಫಲಿತಾಂಶವನ್ನು ತಿರುಗಿಸುವುದೆಂದರೆ ಒಂದು ನೀತಿಯನ್ನು ಬದಲಿಸುವುದಾಗಿರದೆ ಅರ್ಧ ದೇಶಕ್ಕೆ ನಿಮ್ಮ ಮಾತು ಲೆಕ್ಕಕ್ಕಿಲ್ಲವೆಂದು ಹೇಳಿದಂತಾಗುತ್ತಿತ್ತು.

2019ರ ಡಿಸೆಂಬರಿನ ಚುನಾವಣೆಯಲ್ಲಿ, ತಾವು ಬಹುಮತ ಪಡೆದರೆ ಮರುಮತಗಣನೆಯನ್ನೂ ನಡೆಸದೆ ನೋಟಿಸನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಣಾಳಿಕೆಯಲ್ಲಿ ಹೇಳಿದ ಲಿಬರಲ್ ಡೆಮಾಕ್ರಟ್ ಪಕ್ಷ 11 ಸ್ಥಾನಗಳಿಗೆ ಇಳಿಯಿತು, ಅದರ ನಾಯಕಿಯೂ ಸೋತರು. 365 ಸ್ಥಾನ ಗೆದ್ದ ಕನ್ಸರ್ವೇಟಿವ್ ಪಕ್ಷಕ್ಕೆ ಬಂದ ಮತಗಳು ಶೇ 44ರ ಒಳಗೇ ಇದ್ದವಾದರೂ ವಿವಾದ ಅಲ್ಲಿಗೆ ನಿಂತಿತು. ಈಗ ಒಕ್ಕೂಟಕ್ಕೆ ಮರಳುವುದೆಂದರೆ ಅದು ಹಳೆಯ ಮಾತನ್ನು ಮುರಿಯುವುದಲ್ಲ, ಮಾತು ನಡೆದುಹೋಗಿದೆ. ಅದು ಹೊಸ ಪ್ರಶ್ನೆ. ಗಮನಿಸಬೇಕಾದ ಸಂಗತಿಯೆಂದರೆ, ಎಷ್ಟು ಕಾಲದ ಮೇಲೆ ಮತ್ತೆ ಕೇಳಬಹುದೆಂಬುದನ್ನು ಮೊದಲೇ ಬರೆದಿಡುವ ಕ್ರಮ ಬ್ರಿಟನ್ನಿನ ಕಾನೂನಿಗೆ ಅಪರಿಚಿತವಾಗಿರಲಿಲ್ಲ. ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲಿ ಉಳಿಯಬೇಕೋ ಐರ್ಲೆಂಡಿನೊಡನೆ ಕೂಡಬೇಕೋ ಎಂದು ಜನರನ್ನು ಕೇಳಲು ಅವಕಾಶ ಕೊಡುವ 1998ರ ಕಾಯ್ದೆ, ಒಂದು ಮತಗಣನೆ ನಡೆದ ಏಳು ವರ್ಷಗಳೊಳಗೆ ಇನ್ನೊಂದನ್ನು ನಡೆಸುವಂತಿಲ್ಲವೆಂದು ಹೇಳುತ್ತದೆ. ಹಾಗಾಗಿ ಗೆದ್ದವರಿಗೆ ಎಷ್ಟು ಕಾಲ ನೆಮ್ಮದಿಯೆಂಬುದೂ, ಸೋತವರು ಎಷ್ಟು ಕಾಲ ಕಾಯಬೇಕೆಂಬುದೂ ಮತಪೆಟ್ಟಿಗೆ ತೆರೆಯುವ ಮೊದಲೇ ಇಬ್ಬರಿಗೂ ತಿಳಿದಿರುತ್ತದೆ. 2015ರ ಕಾಯ್ದೆಯಲ್ಲಿ ಅಂಥ ಸಾಲು ಇರಲಿಲ್ಲ.