ಆಡದವರ ಗೆಲುವು

2016ರ ಮೇ 24ರ ರಾತ್ರಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊದಲ ಕ್ವಾಲಿಫೈಯರ್ ಪಂದ್ಯ. ಗುಜರಾತ್ ಲಯನ್ಸ್ 158 ರನ್ ಗಳಿಸಿ ಮುಗಿಸಿತ್ತು. ಬೆನ್ನಟ್ಟಿದ ಬೆಂಗಳೂರಿನ ತಂಡ ಆರ್‌ಸಿಬಿ 29 ರನ್ ಆಗುವಷ್ಟರಲ್ಲಿ ಐದು ವಿಕೆಟ್ ಕಳೆದುಕೊಂಡಿತು. ಆ ಸಲ ನಾಲ್ಕು ಶತಕ ಬಾರಿಸಿದ್ದ ವಿರಾಟ್ ಕೊಹ್ಲಿ ಸೊನ್ನೆಗೆ ಔಟ್. ಉಳಿದದ್ದು ಎಬಿ ಡಿವಿಲಿಯರ್ಸ್ ಒಬ್ಬರೇ. ಸ್ಟುವರ್ಟ್ ಬಿನ್ನಿ 21 ರನ್ ಮಾಡುವಷ್ಟು ಹೊತ್ತು ಜೊತೆಗಿದ್ದರು. ಅವರೂ ಹೋದ ಮೇಲೆ ಬಂದದ್ದು ಸ್ಪಿನ್ ಬೌಲರ್ ಇಕ್ಬಾಲ್ ಅಬ್ದುಲ್ಲಾ. ಆಗ ಸ್ಕೋರು 68ಕ್ಕೆ 6. ಅಲ್ಲಿಂದ ಮುಂದೆ ಒಂದು ವಿಕೆಟ್ಟೂ ಬೀಳಲಿಲ್ಲ. ಡಿವಿಲಿಯರ್ಸ್ 79, ಅಬ್ದುಲ್ಲಾ 33, ಇನ್ನೂ ಹತ್ತು ಎಸೆತ ಬಾಕಿ ಇರುವಾಗಲೇ ತಂಡ ಫೈನಲ್ ತಲುಪಿತು.

ಇಂಥ ರಾತ್ರಿಗಳ ಮರುದಿನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಟೀ ಅಂಗಡಿಗಳಲ್ಲಿ ಕೇಳುವ ಮಾತು ಒಂದೇ: ‘ಗೆದ್ವಿ ಕಣ್ಲಾ!’ ಅವರು ಗೆದ್ದರು ಎಂದು ಯಾರೂ ಅನ್ನುವುದಿಲ್ಲ. ಡಿವಿಲಿಯರ್ಸ್ ದಕ್ಷಿಣ ಆಫ್ರಿಕಾದವರು, ಅಬ್ದುಲ್ಲಾ ಮುಂಬೈ ಕ್ರಿಕೆಟ್‌ನಲ್ಲಿ ಬೆಳೆದವರು. ತೋಟದಲ್ಲಿ ನೀರು ಕಟ್ಟಿ ಬಂದು ಟಿವಿ ಮುಂದೆ ಕೂತವನು ಆ ಗೆಲುವಿಗೆ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಟ್ಟಿಲ್ಲ. ಆದರೂ ಅವನ ಸಂತೋಷ ಸುಳ್ಳಲ್ಲ. ದುಡಿದದ್ದಕ್ಕೆ ಫಲ ಎಂದು ಕರ್ಮಸಿದ್ಧಾಂತ ಹೇಳುತ್ತದೆ. ದುಡಿಯದವನ ಎದೆಯಲ್ಲಿ ಉಕ್ಕಿದ ಈ ಸಂತೋಷ ಹಾಗಾದರೆ ಯಾವುದರ ಫಲ?

ಹರಕೆಯ ಫಲ ಎಂದು ಭಕ್ತನಾದ ಅಭಿಮಾನಿ ಥಟ್ಟನೆ ಉತ್ತರ ಕೊಡುತ್ತಾನೆ. ಗೆದ್ದರೆ ಗಣಪತಿಗೆ ಇಷ್ಟು ಈಡುಗಾಯಿ ಎಂದು ಮನಸ್ಸಿನಲ್ಲೇ ಕಟ್ಟಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಹಣ್ಣುಕಾಯಿ ಮಾಡಿಸಿದರೆ ಹೋಳು ಮನೆಗೆ ವಾಪಸು ಬರುತ್ತದೆ, ಅಡುಗೆಗೂ ಆಗುತ್ತದೆ. ಈಡುಗಾಯಿ ಹಾಗಲ್ಲ. ನೆಲಕ್ಕೆ ಅಪ್ಪಳಿಸಿದ ಕಾಯಿ ನೂರು ಚೂರಾಗಿ ಹಾರುತ್ತದೆ, ಸುತ್ತ ಕಾದು ನಿಂತ ಮಕ್ಕಳು ಆಯ್ದುಕೊಳ್ಳುತ್ತವೆ, ಒಡೆದವನ ಕೈ ಬರಿದಾಗಿರುತ್ತದೆ. ತೆಂಗೇ ಬದುಕಾದ ಊರಿನಲ್ಲಿ ಅದು ಬರೀ ಸಂಕೇತವೂ ಅಲ್ಲ. 2023ರಲ್ಲಿ ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ 11,750 ಇದ್ದರೂ ರೈತರು ಬೀದಿಗಿಳಿಯಬೇಕಾಯಿತು. 2025ರ ಮಧ್ಯದ ಹೊತ್ತಿಗೆ ಅದೇ ಕೊಬ್ಬರಿ 20 ಸಾವಿರ ದಾಟಿತು. ಅಂಥ ವರ್ಷ ಒಡೆದ ಒಂದೊಂದು ಕಾಯಿಯೂ ಮನೆಯ ಲೆಕ್ಕದಲ್ಲಿ ನಿಜವಾಗಿ ಕಳೆದ ಕಾಯಿ. ಆದ್ದರಿಂದ ಹರಕೆಯನ್ನು ಮೂಢತನ ಎಂದು ತಳ್ಳಿಹಾಕುವುದು ಅನ್ಯಾಯ. ಅವನು ಕೊಡುತ್ತಿರುವುದು ತನ್ನದನ್ನೇ.

ಆದರೆ ದೇವರು ಪಕ್ಷ ಹಿಡಿಯುತ್ತಾನೆಯೇ? ತಿಪಟೂರಿನ ಹತ್ತಿರವೇ ದಸರೀಘಟ್ಟದ ಚೌಡೇಶ್ವರಿ ಇದ್ದಾಳೆ. ದೇವಿಯ ಉತ್ಸವಮೂರ್ತಿಯನ್ನು ಹಿಡಿದವರ ಕೈಯಲ್ಲಿ ಆಕೆ ಅಕ್ಷರ ಬರೆದು ಉತ್ತರ ಕೊಡುತ್ತಾಳೆ ಎಂಬ ನಂಬಿಕೆಯಿಂದ ದೂರದೂರದ ಜನ ಪ್ರಶ್ನೆ ಹೊತ್ತು ಬರುತ್ತಾರೆ. ಮದುವೆ, ಜಮೀನು, ಕಾಯಿಲೆ, ವ್ಯಾಜ್ಯ. ಅಲ್ಲಿ ಭಕ್ತ ಕೇಳುವುದು ತಿಳಿವಳಿಕೆಯನ್ನು: ನನ್ನ ದಾರಿ ಯಾವುದು, ಹೇಳು ತಾಯಿ. ಮ್ಯಾಚಿನ ಹರಕೆ ಕೇಳುವುದು ಬೇರೆ. ಇನ್ನೊಬ್ಬನನ್ನು ಸೋಲಿಸು ಎಂದು.

ಆ ಇನ್ನೊಬ್ಬನಿಗೂ ಒಂದು ದೇವರಮನೆ ಇರುತ್ತದೆ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿಯ ಎದುರಿಗಿದ್ದ ಪಂಜಾಬ್ ಕಿಂಗ್ಸ್ ಕೂಡ 2008ರಿಂದ ಒಂದು ಸಲವೂ ಕಪ್ ಎತ್ತಿರಲಿಲ್ಲ. ಇಲ್ಲಿ ಹದಿನೆಂಟು ವರ್ಷದ ಹಂಬಲ, ಅಲ್ಲೂ ಹದಿನೆಂಟೇ ವರ್ಷದ ಹಂಬಲ. ಕೊನೆಯ ಓವರಿನಲ್ಲಿ 29 ರನ್ ಬೇಕಿದ್ದಾಗ ಶಶಾಂಕ್ ಸಿಂಗ್ 22 ಬಾರಿಸಿದರು. ಆರು ರನ್ನಿನಿಂದ ಕಪ್ ಬೆಂಗಳೂರಿಗೆ ಬಂತು. ಕರ್ನಾಟಕದ ಪ್ರಾರ್ಥನೆ ಪಂಜಾಬಿನ ಪ್ರಾರ್ಥನೆಗಿಂತ ಆರು ರನ್ನಿನಷ್ಟು ಹೆಚ್ಚು ತೂಗಿತು ಎನ್ನುವ ದೇವರನ್ನು ಯಾವ ಭಕ್ತನೂ ಮನಸಾರೆ ಪೂಜಿಸಲಾರ. ಅಮೃತಸರದ ಅಭಿಮಾನಿಯ ಕಣ್ಣೀರಿಗೆ ಕುರುಡಾದ ದೇವರು ಚಿಕ್ಕನಾಯಕನಹಳ್ಳಿಯ ಕಣ್ಣೀರನ್ನು ಕಂಡಾನು ಎಂದು ನಂಬುವುದಾದರೂ ಹೇಗೆ?

ರೋಮಿನ ಸಿಸೆರೊ ದೇವರುಗಳ ಸ್ವಭಾವ ಕುರಿತು ಬರೆದ ಪುಸ್ತಕದಲ್ಲಿ ಡಯಾಗೊರಸ್ ಎಂಬ ನಾಸ್ತಿಕನ ಕಥೆ ಬರುತ್ತದೆ. ಬಿರುಗಾಳಿಯಿಂದ ಪಾರಾದ ನಾವಿಕರು ಗುಡಿಗೆ ಒಪ್ಪಿಸಿದ ಹರಕೆಯ ಚಿತ್ರಗಳನ್ನು ಗೆಳೆಯನೊಬ್ಬ ತೋರಿಸಿದಾಗ ಅವನು, ಮುಳುಗಿ ಹೋದವರ ಚಿತ್ರ ಎಲ್ಲಿ ಎಂಬರ್ಥದ ಮಾತಾಡುತ್ತಾನೆ. ಕ್ರಿಕೆಟ್ಟಿನ ಹರಕೆಗೂ ಈ ಪ್ರಶ್ನೆ ತಟ್ಟುತ್ತದೆ. ಡಿವಿಲಿಯರ್ಸ್ ಪವಾಡದ ಐದೇ ದಿನಕ್ಕೆ, ಅದೇ ಚಿನ್ನಸ್ವಾಮಿಯಲ್ಲಿ, ಫೈನಲ್‌ನಲ್ಲಿ ಆರ್‌ಸಿಬಿ ಎಂಟು ರನ್ನಿನಿಂದ ಸೋತಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್ ನಡೆದಾಗ ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಕುಸಿದಿದ್ದ ಕರ್ನಾಟಕ, ಮನೀಶ್ ಪಾಂಡೆಯ 144ರ ಬಲದಿಂದ 338ರ ಗುರಿಯ ಬಾಗಿಲಿಗೇ ಹೋಗಿ, ಮುಂಬೈಗೆ ಆರು ರನ್ನಿನಿಂದ ಸೋತಿತು. ಅಲ್ಲಿಗೂ ಜನ ಸಾವಿರಗಟ್ಟಲೆ ಬಂದಿದ್ದರು. ಅವರ ಪ್ರಾರ್ಥನೆಯಲ್ಲಿ ಕೊರತೆಯೇನಿತ್ತು? ಏನೂ ಇರಲಿಲ್ಲ.

ಇಲ್ಲಿಗೆ ಬಂದು ನಿಂತರೆ ಎರಡೇ ದಾರಿ ಉಳಿದಂತೆ ಕಾಣುತ್ತದೆ. ದೇವರಿಗೂ ಆಟಕ್ಕೂ ಸಂಬಂಧವೇ ಇಲ್ಲ ಎಂದು ಕೈ ತೊಳೆದುಕೊಳ್ಳುವುದು ಒಂದು. ಸೋಲು ಗೆಲುವುಗಳನ್ನು ಸಮವಾಗಿ ಕಾಣು ಎಂದು ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಹೇಳಿದ್ದನ್ನು ನೆನೆದು ಸುಮ್ಮನಾಗುವುದು ಇನ್ನೊಂದು. ಆದರೆ ಆ ಉಪದೇಶ ಬಿಲ್ಲು ಹಿಡಿದ ಅರ್ಜುನನಿಗೆ. ಡಿವಿಲಿಯರ್ಸ್‌ಗೆ ಅದು ಸಲ್ಲುತ್ತದೆ. ಬಿಲ್ಲೇ ಹಿಡಿಯದೆ ದೂರದಲ್ಲಿ ಕೂತು ತಲ್ಲಣಿಸುವವನಿಗೆ ಗೀತೆ ಪೂರ್ತಿ ಒದಗುವುದಿಲ್ಲ. ಅವನಿಗೆ ಬೇಕಾದ ತತ್ತ್ವ ತೆಂಗಿನ ಸೀಮೆಯ ಮಗ್ಗುಲಲ್ಲೇ ಇದೆ.

ತುರುವೇಕೆರೆಗೆ ನೆರೆಯ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರರ ಗದ್ದುಗೆ ಇದೆ. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದ್ದರಿಂದ ಅವರು ತೋಂಟದ ಸಿದ್ಧಲಿಂಗ ಯತಿ ಎಂದು ಹೆಸರಾದರು. ಅವರು ಬರೆದ ‘ಷಟ್‌ಸ್ಥಲ ಜ್ಞಾನಸಾರಾಮೃತ’ ಶರಣರ ಸಾಧನೆಯ ಆರು ಮೆಟ್ಟಿಲುಗಳನ್ನು ಕುರಿತದ್ದು: ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬಗೆಯ ಭಕ್ತಿಯನ್ನು ಶರಣ ಪರಂಪರೆ ಹೇಳುತ್ತದೆ. ಭಕ್ತನದು ಶ್ರದ್ಧೆ, ಮಾಹೇಶ್ವರನದು ನಿಷ್ಠೆ, ಪ್ರಸಾದಿಯದು ಅವಧಾನ. ಐಕ್ಯದವರೆಗೆ ಕ್ರೀಡಾಭಿಮಾನವನ್ನು ಎಳೆದೊಯ್ಯುವುದು ಬೇಡ, ಅದು ಶರಣರಿಗೆ ಮಾಡುವ ಅಪಚಾರ. ಆದರೆ ಮೊದಲ ಮೂರು ಮೆಟ್ಟಿಲು ಅಭಿಮಾನಿಯ ಬಾಳಿಗೂ ಬೆಳಕು ಚೆಲ್ಲುತ್ತವೆ. ಶ್ರದ್ಧೆ ಅವನಲ್ಲಿ ಮೊದಲಿನಿಂದಲೂ ಇದೆ. ನಿಷ್ಠೆಯನ್ನಂತೂ ಆರ್‌ಸಿಬಿ ಅಭಿಮಾನಿಗೆ ಯಾರೂ ಕಲಿಸಬೇಕಿಲ್ಲ. ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಎಂದು, ಪ್ರತಿ ವರ್ಷ ಬರಿಗೈಯಲ್ಲಿ ಎದ್ದು, ಮರುವರ್ಷ ಮತ್ತೆ ಅಲ್ಲಿಗೇ ಬಂದು ಕೂತವನು ಅವನು. ತೊಡಕಿರುವುದು ಮೂರನೆಯದರಲ್ಲಿ. ಪ್ರಸಾದಿ ಎಂದರೆ ಬಂದದ್ದನ್ನು, ಸಿಹಿಯಾಗಲಿ ಕಹಿಯಾಗಲಿ, ಕೊಟ್ಟದ್ದೆಂದು ಒಪ್ಪಿ ಎಚ್ಚರದಿಂದ ತೆಗೆದುಕೊಳ್ಳುವವನು.

ಆಡದವನ ಸಂತೋಷ ಕರ್ಮದ ಫಲವಲ್ಲ, ಹರಕೆಗೆ ಸಿಕ್ಕ ಪ್ರತಿಫಲವೂ ಅಲ್ಲ. ಅದು ಪ್ರಸಾದ. ಇದನ್ನು ಒಪ್ಪಿಕೊಂಡರೆ ಹರಕೆಗೂ ಒಂದು ಮರ್ಯಾದೆ ಉಳಿಯುತ್ತದೆ. ಈಡುಗಾಯಿ ಗೆಲುವಿನ ಬೆಲೆಯಲ್ಲ, ದುಡಿಯದೆ ಕೈಗೆ ಬಂದದ್ದಕ್ಕೆ ಸಲ್ಲಿಸಿದ ಕೃತಜ್ಞತೆ. ಹಾಗಿರುವಾಗ ಸೋತ ದಿನವೂ ಅದನ್ನು ಒಡೆಯಬಹುದು.

ತೆಂಗು ಬೆಳೆಯುವವರಿಗೆ ಈ ಮನಸ್ಥಿತಿ ಅಪರಿಚಿತವಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಎನ್ನಬೇಕು. ಅಷ್ಟು ಕಾದು ಒಡೆದರೂ ಕೆಲವು ಕೌಟಾಗಿರುತ್ತವೆ. ಮಳೆ, ನುಸಿ, ಬೋರ್‌ವೆಲ್ಲಿನ ನೀರು, ಹರಾಜಿನ ದಿನದ ದರ ಯಾವುದೂ ಬೆಳೆಗಾರನ ಕೈಯಲ್ಲಿಲ್ಲ. ಕಾಯುವವನ ಮನಸ್ಸು ಹೇಗಿರಬೇಕೆಂದು ಈ ಸೀಮೆಯ ಅಟ್ಟಗಳು ತಲೆಮಾರುಗಳಿಂದ ಕಲಿಸುತ್ತಲೇ ಬಂದಿವೆ. ಮ್ಯಾಚ್ ನೋಡುವಾಗ ಮಾತ್ರ ಆ ಪಾಠ ಮರೆತುಹೋಗುತ್ತದೆ.

ಮರೆಯದ ಗಳಿಗೆಗಳೂ ಉಂಟು. 1996ರ ಅಕ್ಟೋಬರ್ 21ರ ಟೈಟನ್ ಕಪ್ ಪಂದ್ಯವನ್ನು ಹಳಬರು ಇನ್ನೂ ಕಣ್ಣರಳಿಸಿ ಹೇಳುತ್ತಾರೆ. ಅದೂ ಬೆಂಗಳೂರಿನಲ್ಲೇ, ಆಸ್ಟ್ರೇಲಿಯಾ ವಿರುದ್ಧ. ಭಾರತದ ಗುರಿ 216. ಸಚಿನ್ ತೆಂಡೂಲ್ಕರ್ 88ಕ್ಕೆ ಔಟಾದಾಗ ಸ್ಕೋರು 164ಕ್ಕೆ 8. ಉಳಿದವರು ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ, ಇಬ್ಬರೂ ಬೌಲರ್‌ಗಳು. ಶ್ರೀನಾಥ್ ಹೆಸರಿನಲ್ಲಿರುವ ಜಾವಗಲ್ ತಿಪಟೂರಿಗೆ ನೆರೆಯ ಅರಸೀಕೆರೆ ತಾಲ್ಲೂಕಿನದು, ಅಂದರೆ ಇಲ್ಲಿಯವರಿಗೆ ಆ ರಾತ್ರಿ ಬ್ಯಾಟ್ ಹಿಡಿದದ್ದು ಪಕ್ಕದ ಊರಿನ ಹುಡುಗ. ಇಬ್ಬರೂ ಸೇರಿ 52 ರನ್ ಕೂಡಿಸಿ ಪಂದ್ಯ ಗೆದ್ದರು. ಟಿವಿ ಕ್ಯಾಮೆರಾ ಮತ್ತೆ ಮತ್ತೆ ಗ್ಯಾಲರಿಯಲ್ಲಿದ್ದ ಕುಂಬ್ಳೆಯ ತಾಯಿಯ ಮುಖಕ್ಕೆ ಹೋಗುತ್ತಿತ್ತು. ಹೆತ್ತವಳಿಗೂ ಆ ಗಳಿಗೆಯಲ್ಲಿ ನೋಡುವುದನ್ನು ಬಿಟ್ಟು ಮಾಡಲು ಬೇರೇನೂ ಇರಲಿಲ್ಲ. ಆ ಮುಖ ಕಂಡ ಲಕ್ಷಾಂತರ ಮಂದಿ, ಅದೇ ಅಸಹಾಯಕತೆ, ಅದೇ ಅಕ್ಕರೆ ತಮ್ಮೊಳಗೂ ಇದೆ ಎಂದು ಗುರುತು ಹಿಡಿದರು. ಅಭಿಮಾನಕ್ಕೆ ಅದಕ್ಕಿಂತ ಶುದ್ಧವಾದ ರೂಪ ಸಿಗುವುದು ಕಷ್ಟ.

ದೇವರು ಪಕ್ಷ ಹಿಡಿಯುತ್ತಾನೆಯೇ ಎಂಬ ಪ್ರಶ್ನೆಗೆ ಇನ್ನೊಂದು ಉತ್ತರವೂ ಉಂಟು. ಆಟವನ್ನೇ ಪ್ರಾರ್ಥನೆಯೆಂದು ತಿಳಿದ ಜನ ದೂರದ ಅಮೆರಿಕದಲ್ಲಿದ್ದಾರೆ. ತುದಿಯಲ್ಲಿ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಅಲ್ಲಿನ ಮೂಲನಿವಾಸಿಗಳ ಆಟ. ಇರೊಕ್ವಾ ಎಂದು ಹೊರಗಿನವರು ಕರೆಯುವ ಹೋಡೆನೊಶೋನಿ ಜನರಿಗೆ ಅದು ಸೃಷ್ಟಿಕರ್ತನ ಆಟ. ಅವನನ್ನು ರಂಜಿಸಲು, ಕಾಯಿಲೆ ಬಿದ್ದವರು ಗುಣವಾಗಲೆಂದು ಆಡುವುದು. ಅಲ್ಲಿ ದೇವರು ಪಕ್ಷ ಹಿಡಿಯುವವನಲ್ಲ, ನೋಡುವವನು. 2009ರ ಮೇನಲ್ಲಿ ಅಮೆರಿಕದ ಕಾಲೇಜು ಲಕ್ರಾಸ್ ಫೈನಲ್‌ನಲ್ಲಿ ಕಾರ್ನೆಲ್ ಎದುರು ಸಿರಾಕ್ಯೂಸ್ ತಂಡ ಕೊನೆಯ ಕೆಲ ನಿಮಿಷಗಳಿರುವಾಗ 6–9ರಿಂದ ಹಿಂದಿತ್ತು. ಕೆಲವೇ ಸೆಕೆಂಡು ಉಳಿದಾಗ ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ 10–9ರಿಂದ ಗೆದ್ದಿತು. ಆ ಕೊನೆಯ ಗೋಲು ಹೊಡೆದ ಕೋಡಿ ಜೇಮಿಸನ್ ಹೋಡೆನೊಶೋನಿಯವರೇ. ಸಿರಾಕ್ಯೂಸ್ ಅಭಿಮಾನಿಗಳು ಕುಣಿದರು, ಕಾರ್ನೆಲ್‌ನವರು ತಲೆ ಮೇಲೆ ಕೈ ಹೊತ್ತರು. ಹೋಡೆನೊಶೋನಿ ನಂಬಿಕೆಯಂತೆ ನೋಡಿದರೆ ಎರಡೂ ತಂಡ ಸೇರಿ ಒಂದೇ ಸೇವೆ ಸಲ್ಲಿಸಿದ್ದವು. ಸೋತವರಿಲ್ಲದೆ ಆ ಆಟವೇ ಇಲ್ಲ.

ಪ್ರಸಾದವನ್ನು ಅವಧಾನವಿಲ್ಲದೆ ಹಂಚಿದಾಗ ಏನಾಗುತ್ತದೆ ಎಂಬುದನ್ನು 2025ರ ಜೂನ್ 4 ತೋರಿಸಿತು. ಕಪ್ ಗೆದ್ದು ಇನ್ನೂ ಒಂದು ದಿನ ತುಂಬಿರಲಿಲ್ಲ. ವಿಧಾನಸೌಧದಲ್ಲಿ ಸನ್ಮಾನ, ಚಿನ್ನಸ್ವಾಮಿಯಲ್ಲಿ ಸಂಭ್ರಮ. ಕ್ರೀಡಾಂಗಣ ಹಿಡಿಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಗೇಟುಗಳ ಮುಂದೆ ಸೇರಿದರು. ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟರು, ಬಹುಪಾಲು ಎಳೆಯ ವಯಸ್ಸಿನವರು. ಸತ್ತವರ ಮೇಲೆ ತಪ್ಪು ಹೊರಿಸುವುದು ಕ್ರೂರ. ಅವರು ಹೋದದ್ದು ಶ್ರದ್ಧೆಯಿಂದ, ನಿಷ್ಠೆಯಿಂದ. ಅವಧಾನ ಇರಬೇಕಾದದ್ದು ಹಂಚುವವರಲ್ಲಿ. ಎಷ್ಟು ಜನ ಬಂದಾರು, ಯಾವ ದಾರಿಯಲ್ಲಿ ಬಂದಾರು, ಎಲ್ಲಿ ನಿಂತಾರು ಎಂದು ಮುಂಚೆಯೇ ಕೂತು ಯೋಚಿಸದವರು ಗೆಲುವನ್ನು ಹಂಚಲು ಹೊರಟಿದ್ದರು.

ದೇವಸ್ಥಾನಗಳು ಈ ಸಮಸ್ಯೆಗೆ ಎಂದೋ ಪರಿಹಾರ ಕಂಡುಕೊಂಡಿವೆ. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಅಲ್ಲಿ ಹಿಡಿಯುವುದು ನಾಲ್ಕು ಜನ. ಅದಕ್ಕೇ ಉತ್ಸವಮೂರ್ತಿ ಇರುವುದು. ನಡೆಯಲಾರದ ಮುದುಕಿ ಜಗಲಿಯ ಮೇಲೆ ಕೂತಲ್ಲೇ ಕೈಮುಗಿಯಲೆಂದು ದೇವರೇ ಬೀದಿಗೆ ಬರುತ್ತಾನೆ. ತುರುವೇಕೆರೆಯ ಬೇಟೆರಾಯಸ್ವಾಮಿ ತೇರು ಏರುವುದೂ ಇದಕ್ಕೇ, ತಿಪಟೂರಿನ ಸತ್ಯಗಣಪತಿ ವಿಸರ್ಜನೆಗೆ ಮುಂಚೆ ಊರು ಸುತ್ತುವುದೂ ಇದಕ್ಕೇ. ಗೆದ್ದ ಕಪ್ಪನ್ನು ಒಂದೇ ಕ್ರೀಡಾಂಗಣದ ಒಂದೇ ಸಂಜೆಗೆ ಕಟ್ಟಿಹಾಕುವ ಬದಲು ವಾರಗಟ್ಟಲೆ ಊರೂರಿಗೆ ಕಳಿಸಬಹುದಿತ್ತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ತುಮಕೂರು, ತಿಪಟೂರು, ಅರಸೀಕೆರೆಗಳನ್ನು ಹಾದೇ ಹೋಗುತ್ತದೆ. ಮುಂದೆ ಯಾವ ತಂಡ ಯಾವ ಕಪ್ ತಂದರೂ ಅದನ್ನು ಆ ದಾರಿಯಲ್ಲಿ ಕರೆತರಲಿ. ಒಂದೊಂದು ಊರಿನಲ್ಲೂ ಅರ್ಧ ದಿನ ನಿಲ್ಲಿಸಿ, ಕಾಲೇಜು ಮೈದಾನದಲ್ಲಿ ಹಗ್ಗ ಕಟ್ಟಿ, ಸಾಲಿನಲ್ಲಿ ಬಿಟ್ಟು ಮಕ್ಕಳಿಗೆ ಮುಟ್ಟಿಸಿ ಕಳಿಸಲಿ.