ಎಂದಿನಿಂದಲೂ ಹೀಗೇ ಇತ್ತೆಂಬಂತೆ

ಚಿತ್ರದುರ್ಗದ ಬಳಿಯ ಭೀಮಸಮುದ್ರದ ಅಡಿಕೆ ಲಾರಿಯೇರಿ ಉತ್ತರದ ಊರುಗಳಿಗೆ ಹೋಗುತ್ತದೆ. ಮಾಲು ಹೋದಷ್ಟು ಸಲೀಸಾಗಿ ದುಡ್ಡು ಬರುವುದಿಲ್ಲ. ಇಲ್ಲಿನ ವರ್ತಕನೊಬ್ಬ ಕಾನ್ಪುರಕ್ಕೆ ರಾಶಿ ಅಡಿಕೆ ಕಳಿಸಿದ, ಅಲ್ಲಿಯವನು ಕೊಟ್ಟ ಚೆಕ್ಕನ್ನು ತನ್ನೂರಿನ ಬ್ಯಾಂಕಿಗೆ ಹಾಕಿದ, ಅದು ಬೌನ್ಸ್ ಆಯಿತು ಎಂದಿಟ್ಟುಕೊಳ್ಳೋಣ. ಕೇಸು ಹಾಕುವುದು ಎಲ್ಲಿ, ಚಿತ್ರದುರ್ಗದಲ್ಲೋ ಕಾನ್ಪುರದಲ್ಲೋ?

ಉತ್ತರ ಇಸವಿಯನ್ನು ಅವಲಂಬಿಸಿದೆ. ಚೆಕ್ ಬೌನ್ಸ್ ಅಪರಾಧವಾದದ್ದು 1989ರ ಏಪ್ರಿಲ್ 1ರಿಂದ. ಯಾವ ಊರಿನ ಕೋರ್ಟು ಎಂದು ಆ ಕಾನೂನು ಬಾಯಿಬಿಟ್ಟು ಹೇಳಿರಲಿಲ್ಲ. 1999ರಲ್ಲಿ ಭಾಸ್ಕರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಾರಿ ಅಗಲ ಮಾಡಿತು: ಚೆಕ್ಕು ಬರೆದದ್ದು, ಬ್ಯಾಂಕಿಗೆ ಹಾಕಿದ್ದು, ವಾಪಸಾದದ್ದು, ನೋಟಿಸು ಕೊಟ್ಟದ್ದು, ಹಣ ಕೊಡದೆ ಉಳಿದದ್ದು, ಈ ಐದರಲ್ಲಿ ಯಾವುದು ನಡೆದ ಜಾಗದಲ್ಲಾದರೂ ಸರಿ. ನಮ್ಮ ವರ್ತಕ ಚಿತ್ರದುರ್ಗದಲ್ಲೇ ವಾಯಿದೆಗೆ ನಿಲ್ಲಬಹುದಿತ್ತು.

2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಠೋಡ್ ತೀರ್ಪು ಬಂತು. ಚೆಕ್ಕು ಕೊಟ್ಟವನ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿ ಮಾತ್ರ ವಿಚಾರಣೆ ಎಂದಿತು. ಸಾಕ್ಷ್ಯದ ಹಂತ ತಲುಪಿದ್ದ ಕೇಸುಗಳು ಇದ್ದಲ್ಲೇ ಉಳಿದವು; ಮಿಕ್ಕವನ್ನು ವಾಪಸು ಕೊಡಬೇಕಾಯಿತು, ಮೂವತ್ತು ದಿನದೊಳಗೆ ಸರಿಯಾದ ಕೋರ್ಟಿಗೆ ಹಾಕಿಕೊಳ್ಳಬೇಕಾಯಿತು. ಹತ್ತೂವರೆ ತಿಂಗಳಾಗುವಷ್ಟರಲ್ಲಿ, 2015ರ ಜೂನ್ 15ರ ಸುಗ್ರೀವಾಜ್ಞೆ ಎಲ್ಲವನ್ನೂ ತಿರುಗಿಸಿತು. ಚೆಕ್ಕನ್ನು ಖಾತೆಗೆ ಹಾಕಿದ್ದರೆ, ಆ ಖಾತೆಯ ಶಾಖೆ ಇರುವ ಕಡೆಯ ಕೋರ್ಟು. ಹೋದ ಫೈಲುಗಳು ಹಿಂತಿರುಗಿದವು.

ನನ್ನನ್ನು ಕಾಡುವುದು ಈ ಓಡಾಟಕ್ಕಿಂತ ಅದರ ಹಿಂದಿನ ತರ್ಕ. ಹೊಸ ನಿಯಮ ಎಲ್ಲ ಕಾಲದಲ್ಲೂ ಜಾರಿಯಲ್ಲಿತ್ತೆಂಬಂತೆ ಬಾಕಿ ಕೇಸುಗಳನ್ನು ವರ್ಗಾಯಿಸಬೇಕು ಎಂದು ಆ ಸುಗ್ರೀವಾಜ್ಞೆ ಸೇರಿಸಿದ 142ಎ ಕಲಮು ಹೇಳುತ್ತದೆ. ಕೋರ್ಟು ಮಾಡಿದ್ದೂ ಅದನ್ನೇ ಅಲ್ಲವೆ? ತೀರ್ಪು ಹೊಸ ಕಾನೂನು ಹುಟ್ಟಿಸುವುದಿಲ್ಲ, ಮೊದಲಿಂದ ಇದ್ದದ್ದರ ಅರ್ಥ ಬಿಡಿಸುತ್ತದೆ ಎಂಬುದು ವಾಡಿಕೆಯ ನಂಬಿಕೆ. ಹಾಗೆಂದರೆ 1999ರಿಂದ 2015ರೊಳಗೆ ನಮಗೆ ಮೂರು ಬೇರೆಬೇರೆ ‘ಎಂದಿನಿಂದಲೂ’ಗಳು ದೊರೆತವು. ನಾಳೆ ಏನಾಗುತ್ತದೋ ಎಂಬ ಅಳುಕು ವ್ಯಾಪಾರಿಗೆ ಹೊಸದಲ್ಲ. ನಿನ್ನೆ ಏನಿತ್ತು ಎಂಬುದೇ ಅಲುಗಾಡಿದರೆ ಏನು ಮಾಡಬೇಕು?

ಕಾನೂನಿನ ಸಮಾಧಾನ ಹಳೆಯದು. ಹಕ್ಕು ಬೇರೆ, ಅದನ್ನು ಕೇಳುವ ಜಾಗ ಬೇರೆ. ಅಪಘಾತ ನಡೆದಾಗ ಇಲ್ಲದಿದ್ದ ಟ್ರಿಬ್ಯುನಲ್ ಆಮೇಲೆ ಬಂದರೂ ಪರಿಹಾರವನ್ನು ಅಲ್ಲೇ ಕೇಳಬೇಕು ಎಂದು 1975ರ ಶಾಂತಿ ಮಿಶ್ರಾ ತೀರ್ಪು ಹೇಳಿತು. ಆದರೆ ಮೇಲ್ಮನವಿಯ ವಿಷಯ ಬಂದಾಗ ಇದೇ ಸುಪ್ರೀಂ ಕೋರ್ಟು 1957ರಲ್ಲಿ, ಗರಿಕಪಾಟಿ ಪ್ರಕರಣದಲ್ಲಿ, ಬೇರೆ ಮಾತಾಡಿತ್ತು: ದಾವೆ ಹಾಕಿದ ದಿನವೇ ಅಪೀಲಿನ ಹಕ್ಕೂ ಹುಟ್ಟುತ್ತದೆ, ಕಾನೂನು ಸ್ಪಷ್ಟವಾಗಿ ಕಿತ್ತುಕೊಳ್ಳದ ಹೊರತು ಉಳಿಯುತ್ತದೆ. ಮೇಲಿನ ಕೋರ್ಟಿಗೆ ಹೋಗುವುದು ಸ್ವತ್ತು. ಹತ್ತಿರದ ಕೋರ್ಟಿಗೆ ಹೋಗುವುದು ಬರೀ ಕ್ರಮ.

ಪುಸ್ತಕದಲ್ಲಿ ಇದು ಒಪ್ಪವಾಗಿ ಕೂರುತ್ತದೆ. ಭೀಮಸಮುದ್ರದಿಂದ ನೋಡಿದರೆ ಅಲ್ಲ. ಕಾನ್ಪುರಕ್ಕೆ ಹೋಗಿಬರುವ ಖರ್ಚು, ಅಲ್ಲಿನ ವಕೀಲರ ಫೀಸು, ಬಾರದ ಭಾಷೆ, ಪ್ರತಿ ವಾಯಿದೆಗೂ ಮುಚ್ಚಿಡಬೇಕಾದ ಮಂಡಿ, ಇವೆಲ್ಲ ಸೇರಿ ಚೆಕ್ಕಿನ ಮೊತ್ತವನ್ನು ಮೀರಿದ ದಿನ ಹಕ್ಕು ಸದ್ದಿಲ್ಲದೆ ಸಾಯುತ್ತದೆ. ಕಾಗದದ ಮೇಲೆ ಅದು ಜೀವಂತವಾಗಿಯೇ ಇರುತ್ತದೆ, ಅದೇ ವಿಚಿತ್ರ.

2015ರ ತಿದ್ದುಪಡಿ ಸರಿಯಾದದ್ದೆಂದೇ ನನ್ನ ಎಣಿಕೆ. ಹಿಂದಕ್ಕೆ ಕೈಚಾಚಿದ್ದೂ ಅನಿವಾರ್ಯ. ಇಲ್ಲದಿದ್ದರೆ ಒಂದೇ ಬಗೆಯ ಅಪರಾಧಕ್ಕೆ ಎರಡು ಬಗೆಯ ಕೋರ್ಟುಗಳು ವರ್ಷಗಟ್ಟಲೆ ಜತೆಜತೆಗೆ ನಡೆಯಬೇಕಿತ್ತು. ನಡುವಿನ ಹತ್ತೂವರೆ ತಿಂಗಳ ಬೆಲೆ ತೆತ್ತವರು ಮಾತ್ರ ಯಾವ ತಪ್ಪನ್ನೂ ಮಾಡಿರಲಿಲ್ಲ.

ಆದರೂ ರಾಠೋಡ್ ತೀರ್ಪನ್ನು ಸುಮ್ಮನೆ ಬೈಯಲಾರೆ. ದೂರದೂರಿನಲ್ಲಿ ಕೇಸು ಹಾಕಿ ಚೆಕ್ಕು ಕೊಟ್ಟವರನ್ನು ಅಲೆದಾಡಿಸುವುದು ಅಂದು ನ್ಯಾಯಮೂರ್ತಿಗಳ ಕಣ್ಣಿಗೆ ಬಿದ್ದಿತ್ತು. ಹೊಸದುರ್ಗದ ಕಡೆಯ ರೈತ ಟ್ರ್ಯಾಕ್ಟರ್ ಸಾಲಕ್ಕೆ ಚೆಕ್ಕು ಕೊಟ್ಟಿದ್ದಾನೆ, ಸಾಲ ಕೊಟ್ಟ ಕಂಪನಿಯ ಖಾತೆ ಮುಂಬೈಯಲ್ಲಿದೆ ಎಂದುಕೊಳ್ಳಿ. ಅಡಿಕೆ ವರ್ತಕನಿಗೆ ಚಿತ್ರದುರ್ಗದ ಬಾಗಿಲು ತೆರೆದ ಅದೇ ನಿಯಮ ಈ ರೈತನನ್ನು ಮುಂಬೈಗೆ ಕರೆಸುತ್ತದೆ. ಇಂಥ ಕೇಸನ್ನೂ ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ತನಗಿದೆ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಯೋಗೇಶ್ ಉಪಾಧ್ಯಾಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹತ್ತಿರದ ಕೋರ್ಟು ಬೇಕೆಂಬ ಆ ಅರ್ಜಿಯನ್ನು ರೈತ ಹಾಕಿಕೊಳ್ಳಬೇಕಾದದ್ದು ದೆಹಲಿಯಲ್ಲಿ.